ದನಿಯೇ ಅಂಕಿತ: ಹಿರಿಯ ಗಾಯಕರ ಯುಗಳಗಾಯನದ ಚಾರಿತ್ರಿಕ ವಿವೇಚನೆ

೧

ಹೈದರಾಬಾದು ನಗರದಲ್ಲಿ ಮೂಸಿ ನದಿಯನ್ನು ದಾಟಿ, ಮಲಕಪೇಟೆಯ ಮಾರ್ಗವಾಗಿ ವಿಜಯವಾಡದ ಹೆದ್ದಾರಿಯನ್ನು ಹಿಡಿದು ಹೊರಟರೆ ದಿಲ್‌ಸುಖ್‌ನಗರ ದೊರೆಯುತ್ತದೆ. ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳು, ವಿದ್ಯಾರ್ಥಿಗಳ ವಸತಿಗೃಹಗಳು, ಸಾಯಿಬಾಬಾ ಮಂದಿರ, ೨೦೧೮ರಿಂದೀಚೆಗೆ ತಲೆಯ ಮೇಲೆ ಓಡುವ ಮೆಟ್ರೋ ರೈಲು, ಇವುಗಳ ನಡುವೆ ಕನ್ನಡವನ್ನು ಹುಡುಕುವುದು ಸುಲಭವಲ್ಲ. ಈ ನಗರದ ಕನ್ನಡ ಚಟುವಟಿಕೆಯೆಂದರೆ ಸಾಮಾನ್ಯವಾಗಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಮೊದಲಾದವು ನೆನಪಿಗೆ ಬರುತ್ತವೆ. ಆದರೆ ೧೯೫೬ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವೆಂಬುದನ್ನು ಮರೆಯಲಾಗದು. ವಿದ್ಯೆಗಾಗಿಯೂ ನೌಕರಿಗಾಗಿಯೂ ರಾಜಧಾನಿಗೆ ಬಂದ ಅಲ್ಲಿನ ಕುಟುಂಬಗಳಲ್ಲಿ ಅನೇಕವು ರಾಜ್ಯ ಪುನರ್ವಿಂಗಡಣೆಯ ನಂತರವೂ ಇಲ್ಲಿಯೇ ನೆಲೆನಿಂತವು.

ಅಂತಹ ಒಂದು ಮನೆಗೆ ಹಸ್ತಪ್ರತಿಯೊಂದರ ವಿಚಾರವಾಗಿ ನಾವು ಹೋಗಬೇಕಾಗಿ ಬಂದಿತು. ಮನೆಯ ಯಜಮಾನರು ರಾಯಚೂರು ಸೀಮೆಯವರು, ನಿವೃತ್ತ ಉಪಾಧ್ಯಾಯರು, ಎಂಬತ್ತನ್ನು ದಾಟಿದವರು. ತಾರುಣ್ಯದಲ್ಲಿ ವಾದ್ಯಗೋಷ್ಠಿಗಳಲ್ಲಿ ಹಾಡಿ ಹೆಸರು ಪಡೆದವರು. ನಾವು ಹೋದ ಸಂಜೆ ಅವರು ತಮ್ಮ ಕಾಲದ ಕನ್ನಡ ಚಿತ್ರಗಳ ಯುಗಳ ಗೀತೆಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಒಂದೊಂದು ಗೀತೆಗೆ ಒಬ್ಬೊಬ್ಬ ಜೊತೆಗಾರರು: ಸೊಸೆ, ಮೊಮ್ಮಗಳು, ಕೆಳಗಿನ ಅಂಗಡಿಯವರು. ಆ ದಿನ ಹಾಡಿದವರು ನೆರೆಮನೆಯ ತೆಲುಗು ಗೃಹಿಣಿ. ಅವರ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಕನ್ನಡ ಹಾಡು ತೆಲುಗು ಅಕ್ಷರಗಳಲ್ಲಿ ಬರೆಯಲ್ಪಟ್ಟಿತ್ತು. “ಮಾಸ್ಟರುಗಾರೂ, ಶ್ರುತಿ ಇನ್ನೂ ಸ್ವಲ್ಪ ಇಳಿಸಲೇ?” ಎಂದು ಆಕೆ ಕೇಳಿದರು. “ಬೇಡಮ್ಮಾ, ನಿಮ್ಮ ದನಿ ಹೂತುಹೋಗುತ್ತದೆ, ಮೇಲಿನ ಸಾಲು ನೀವು ಎತ್ತಿಕೊಳ್ಳಿ, ನಾನು ಕೆಳಗೆ ನಿಲ್ಲುತ್ತೇನೆ” ಎಂದು ಹಿರಿಯರು ಉತ್ತರಿಸಿದರು.

ಈ ಮಾತು ನಮ್ಮನ್ನು ಬಹುಕಾಲ ಕಾಡಿತು. ತನ್ನ ಉತ್ಕರ್ಷದ ಕಾಲವನ್ನು ದಾಟಿದ ಗಾಯಕನು ಎಲ್ಲರಿಗೂ ತಿಳಿದ ಹಾಡುಗಳನ್ನು ಇನ್ನೊಬ್ಬರ ಜೊತೆಯಲ್ಲಿ ಮತ್ತೆ ಹಾಡಿ ಮುದ್ರಿಸುವುದರ ಅರ್ಥವೇನು? ಇದು ವ್ಯಾಪಾರವೇ, ಸ್ಮಾರಕವೇ, ಅಥವಾ ಸಂಪ್ರದಾಯವೊಂದರ ಹಸ್ತಾಂತರವೇ? ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಚಲನಚಿತ್ರ ಸಂಗೀತದ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿಯಲಾರೆವು. ಆದರೂ ‘ಹಾಡು ಯಾರದು?’ ಎಂಬ ಪ್ರಶ್ನೆ ನಮ್ಮ ಕ್ಷೇತ್ರದ್ದೇ ಆಗಿರುವುದರಿಂದ, ಆ ದಾರಿಯಿಂದ ಇದನ್ನು ಪ್ರವೇಶಿಸಲು ಇಲ್ಲಿ ಯತ್ನಿಸಲಾಗಿದೆ.

೨

ಕನ್ನಡದಲ್ಲಿ ಹಾಡಿಗೂ ಕಾವ್ಯಕ್ಕೂ ಇರುವ ನಂಟು ಪ್ರಾಚೀನವಾದುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಚತ್ತಾಣ, ಬೆದಂಡೆಗಳೆಂಬ ದೇಶೀ ಪ್ರಕಾರಗಳನ್ನು ಹೆಸರಿಸುತ್ತದೆ, ಹಾಡುಗಬ್ಬದ ಪರಂಪರೆಯನ್ನು ವಿದ್ವಾಂಸರು ಅಲ್ಲಿಂದಲೇ ಗುರುತಿಸುತ್ತಾರೆ. ಆದರೆ ಈ ಪರಂಪರೆಯಲ್ಲಿ ಹಾಡಿದವನ ಹೆಸರು ಉಳಿದಿಲ್ಲವೆಂಬುದು ಗಮನಾರ್ಹ. ಉಳಿದಿರುವುದು ರಚಿಸಿದವನ ಹೆಸರು. ಅದೂ ನೇರವಾಗಿ ಅಲ್ಲ, ಅಂಕಿತದ ಮೂಲಕ. ಬಸವಣ್ಣನವರಿಗೆ ಕೂಡಲಸಂಗಮದೇವ, ಪುರಂದರದಾಸರಿಗೆ ಪುರಂದರ ವಿಠಲ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ಅಂಕಿತವು ಕೃತಿಯೊಳಗೇ ಹೆಣೆದುಕೊಂಡಿರುವುದರಿಂದ ಯಾರು ಹಾಡಿದರೂ ಕರ್ತೃತ್ವಕ್ಕೆ ಚ್ಯುತಿ ಬಾರದು. ಭಿಕ್ಷುಕನೂ ಹಾಡಬಹುದು, ಆಸ್ಥಾನ ವಿದ್ವಾಂಸನೂ ಹಾಡಬಹುದು. ಒಬ್ಬನೇ ಹಾಡಬಹುದು, ಹತ್ತು ಜನ ದನಿಗೂಡಿಸಬಹುದು. ರಾಗ ಬದಲಾದರೂ ದೋಷವಿಲ್ಲ. ಒಬ್ಬರ ಪದಕ್ಕೆ ಇನ್ನೊಬ್ಬರ ಅಂಕಿತ ಸೇರಿದಾಗ ಮಾತ್ರ ಸಂಶೋಧಕರಿಗೆ ಚಿಂತೆ.

ಪಾಶ್ಚಾತ್ಯರಲ್ಲಿ, ಮುಖ್ಯವಾಗಿ ಅಮೆರಿಕೆಯಲ್ಲಿ, ‘ಸ್ಟ್ಯಾಂಡರ್ಡ್’ ಎಂದು ಕರೆಯಲ್ಪಡುವ ಹಾಡುಗಳು ಒಂದರ್ಥದಲ್ಲಿ ಇದೇ ಜಾತಿಯವು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಾಟಕಗಳಿಗೂ ಚಿತ್ರಗಳಿಗೂ ರಚಿತವಾದ ಅವು ಯಾವುದೇ ಒಬ್ಬ ಗಾಯಕನ ಸ್ವತ್ತಾಗದೆ, ತಲೆಮಾರಿನಿಂದ ತಲೆಮಾರಿಗೆ ನೂರಾರು ಕಂಠಗಳಲ್ಲಿ ಹಾದುಬಂದವು. ಹಾಗೆ ಹಾದುಬರುವ ಶಕ್ತಿಯೇ ಅವುಗಳ ಪ್ರಮಾಣ. ನಮ್ಮ ದಾಸರ ಪದಗಳಿಗೆ ಈ ಶಕ್ತಿ ಇದೆ. ಆದರೆ ನಮ್ಮ ಚಿತ್ರಗೀತೆಗೆ ಇದು ಸುಲಭವಾಗಿ ಒದಗಲಿಲ್ಲ. ಅದಕ್ಕೆ ಕಾರಣವನ್ನು ಮೈಕಿನ ಚರಿತ್ರೆಯಲ್ಲಿ ಹುಡುಕಬೇಕು.

೩

೧೯೨೫ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬರುವ ಮೊದಲು ಗಾಯಕನು ದೊಡ್ಡ ಕಹಳೆಯೊಳಗೆ ಎತ್ತರದ ದನಿಯಲ್ಲಿ ಹಾಡಬೇಕಾಗಿತ್ತು. ಮೈಕು ಬಂದೊಡನೆ ಪಿಸುಮಾತೂ ಮುದ್ರಣಯೋಗ್ಯವಾಯಿತು. ಕಿವಿಯ ಬಳಿ ನಿಂತು ಮಾತನಾಡಿದಂತೆ ಮೆಲುದನಿಯಲ್ಲಿ ಹಾಡುವ ಗಾಯಕರ ವರ್ಗವೊಂದು ಹುಟ್ಟಿತು. ಅವರನ್ನು ಅಲ್ಲಿ ‘ಕ್ರೂನರ್’ ಎಂದರು. ಬಿಂಗ್ ಕ್ರಾಸ್ಬಿ, ಅನಂತರ ಫ್ರಾಂಕ್ ಸಿನಾತ್ರಾ ಈ ವರ್ಗದ ಪ್ರಮುಖರು. ಕಂಪನಿ ನಾಟಕದ ರಂಗಗೀತೆ ಕೊನೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟಬೇಕಾಗಿತ್ತು. ಮೈಕಿನ ಹಾಡು ಒಬ್ಬನೇ ಕೇಳುಗನನ್ನು ಮುಟ್ಟಿದರೆ ಸಾಕು.

ಕನ್ನಡದಲ್ಲಿ ೧೯೩೪ರ ‘ಸತಿ ಸುಲೋಚನ’ದಿಂದ ಆರಂಭವಾದ ವಾಕ್ಚಿತ್ರಗಳು ಬಹುಕಾಲ ರಂಗಭೂಮಿಯ ಗಾಯನಶೈಲಿಯನ್ನೇ ಅನುಸರಿಸಿದವು. ಮೈಕಿನ ಮೆಲುದನಿಯನ್ನು ಕನ್ನಡ ಮನೆಮನೆಗೆ ತಂದವರಲ್ಲಿ ಅಗ್ರಗಣ್ಯರು ಪಿ.ಬಿ. ಶ್ರೀನಿವಾಸ್. ೧೯೩೦ರ ಸೆಪ್ಟೆಂಬರ್ ೨೨ರಂದು ಕಾಕಿನಾಡದಲ್ಲಿ ಜನಿಸಿದ ಪ್ರತಿವಾದಿ ಭಯಂಕರ ಶ್ರೀನಿವಾಸರ ಮಾತೃಭಾಷೆ ತೆಲುಗು, ಕಾರ್ಯಕ್ಷೇತ್ರ ಮದರಾಸು. ಅವರು ಹಾಡಿದ್ದು ಹಲವು ಭಾಷೆಗಳಲ್ಲಿ. ಆದರೂ ಡಾ. ರಾಜಕುಮಾರರ ಕಂಠವೆಂದೇ ಕನ್ನಡಿಗರು ಅವರನ್ನು ಅಂಗೀಕರಿಸಿದರು. ೧೯೬೦ರ ‘ಭಕ್ತ ಕನಕದಾಸ’, ೧೯೭೧ರ ‘ಕಸ್ತೂರಿ ನಿವಾಸ’, ೧೯೭೨ರ ‘ಬಂಗಾರದ ಮನುಷ್ಯ’, ೧೯೭೩ರ ‘ಗಂಧದ ಗುಡಿ’, ಇವುಗಳ ಗೀತೆಗಳು ಆ ದನಿಯಿಲ್ಲದೆ ಊಹೆಗೂ ನಿಲುಕವು.

‘ಭಕ್ತ ಕನಕದಾಸ’ದ ನಿದರ್ಶನವನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸಬೇಕು. ಆ ಚಿತ್ರದಲ್ಲಿ ಶ್ರೀನಿವಾಸರು ಕನಕದಾಸರ ಕೀರ್ತನೆಯನ್ನೇ ಹಾಡಿದ್ದಾರೆ. ಕೀರ್ತನೆಯ ಕೊನೆಯಲ್ಲಿ ಆದಿಕೇಶವನ ಅಂಕಿತವಿದೆ. ಆದರೆ ೧೯೬೦ರ ನಂತರ ಅದನ್ನು ಕೇಳಿದ ಸಾಮಾನ್ಯ ಕನ್ನಡಿಗನಿಗೆ ಅದು ‘ಪಿ.ಬಿ.ಎಸ್. ಹಾಡು’ ಕೂಡ ಹೌದು. ‘ರಾಜಕುಮಾರ್ ಹಾಡು’ ಕೂಡ ಹೌದು. ಒಂದೇ ಪದಕ್ಕೆ ಮೂರು ಗುರುತುಗಳು ಬಿದ್ದವು: ಶಬ್ದದಲ್ಲಿ ದಾಸರದು, ಬಿಂಬದಲ್ಲಿ ನಟನದು, ನಾದದಲ್ಲಿ ಗಾಯಕನದು. ಮಧ್ಯಯುಗದಲ್ಲಿ ಪದದೊಳಗೆ ಹುದುಗಿದ್ದ ಅಂಕಿತವು ಧ್ವನಿಮುದ್ರಣದ ಯುಗದಲ್ಲಿ ಕಂಠಕ್ಕೆ ಸಂಕ್ರಮಿಸಿತು. ದನಿಯೇ ಅಂಕಿತವಾಯಿತು. ನಮ್ಮ ವಾದದ ತಿರುಳು ಇಷ್ಟೇ.

ಈ ಸಂಕ್ರಮಣಕ್ಕೆ ಒಂದು ಬೆಲೆಯೂ ಇತ್ತು. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜಕುಮಾರರು ಸ್ವತಃ ಹಾಡಿದರು. ಅಲ್ಲಿಂದ ಮುಂದೆ ಅವರ ಪಾತ್ರಗಳಿಗೆ ಅವರದೇ ದನಿ ರೂಢಿಯಾಯಿತು. ಬಿಂಬ ಮತ್ತು ನಾದಗಳ ಗುರುತು ಒಂದಾದಾಗ ಎರಡನೆಯ ಕಂಠಕ್ಕೆ ಎಡೆ ಕಡಿಮೆಯಾದದ್ದು ಸಹಜ. ಶ್ರೀನಿವಾಸರು ಮುಂದೆಯೂ ದಶಕಗಳ ಕಾಲ ವೇದಿಕೆಗಳಲ್ಲಿ ಹಾಡಿದರು, ಹಲವು ಭಾಷೆಗಳಲ್ಲಿ ಕವಿತೆ ಬರೆದರು. ೨೦೧೩ರ ಏಪ್ರಿಲ್ ೧೪ರಂದು ಚೆನ್ನೈಯಲ್ಲಿ ತೀರಿಕೊಂಡರು. ಆ ವೇದಿಕೆಗಳಲ್ಲಿ ಜನ ಬಯಸಿದ್ದು ಹಳೆಯ ಹಾಡುಗಳನ್ನೇ. ಅವುಗಳಲ್ಲಿ ಯುಗಳ ಗೀತೆಗಳು ಬಹಳ. ಮೂಲದಲ್ಲಿ ಎಸ್. ಜಾನಕಿ, ಪಿ. ಸುಶೀಲ ಮುಂತಾದವರು ಹಾಡಿದ್ದ ಸಾಲುಗಳನ್ನು ವೇದಿಕೆಯಲ್ಲಿ ಮತ್ತೊಬ್ಬ ಗಾಯಕಿ ಹಾಡಬೇಕಾಗುತ್ತಿತ್ತು. ಒಂದು ಅಂಕಿತ ಹಳೆಯದು, ಇನ್ನೊಂದು ಹೊಸದು.

೪

ಯುಗಳ ಗೀತೆಯ ಧ್ವನಿಮುದ್ರಣ ವಿಧಾನವೂ ಈ ನಡುವೆ ಬದಲಾಯಿತು. ಮದರಾಸಿನ ಹಳೆಯ ಸ್ಟುಡಿಯೋಗಳಲ್ಲಿ ಗಾಯಕ, ಗಾಯಕಿ, ವಾದ್ಯವೃಂದ ಎಲ್ಲರೂ ಒಟ್ಟಾಗಿ ಹಾಡಿ ನುಡಿಸಬೇಕಾಗಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಆದ್ದರಿಂದ ಜೊತೆಗಾರರ ಉಸಿರನ್ನು ಗಮನಿಸುವುದು, ಅವರ ಬಳುಕಿಗೆ ತನ್ನದನ್ನು ಹೊಂದಿಸುವುದು ಕಲೆಯ ಭಾಗವೇ ಆಗಿತ್ತು. ಬಹುಪಥ ಮುದ್ರಣ ಬಂದಮೇಲೆ ಈ ಅಗತ್ಯ ಕಳೆಯಿತು. ಇಂದು ಒಂದೇ ಯುಗಳ ಗೀತೆಯ ಇಬ್ಬರು ಗಾಯಕರು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದಿನ ಹಾಡಿ, ಪರಸ್ಪರ ಮುಖವನ್ನೇ ನೋಡದಿರುವುದು ಸಾಮಾನ್ಯ.

ಈ ಬದಲಾವಣೆಯ ಎರಡು ತುದಿಗಳನ್ನು ತೋರಿಸಲು ಹೊರಗಿನ ಎರಡು ನಿದರ್ಶನಗಳು ಸಹಾಯಕವಾಗಿವೆ. ೧೯೯೩ರಲ್ಲಿ ಎಪ್ಪತ್ತೇಳು ವರ್ಷದ ಸಿನಾತ್ರಾ ತಮ್ಮ ಪ್ರಸಿದ್ಧ ಹಾಡುಗಳನ್ನು ‘ಡ್ಯುಯೆಟ್ಸ್’ ಎಂಬ ಸಂಪುಟಕ್ಕಾಗಿ ಮತ್ತೆ ಹಾಡಿದರು. ಅರೀತಾ ಫ್ರಾಂಕ್ಲಿನ್, ಬಾರ್ಬ್ರಾ ಸ್ಟ್ರೈಸೆಂಡ್, ಶಾರ್ಲ್ ಆಜ್ನಾವೂರ್, ಬೋನೋ ಮೊದಲಾದವರು ಅವರ ಜೊತೆಗಾರರು. ನಿರ್ಮಾಪಕ ಫಿಲ್ ರಮೋನ್. ಸಿನಾತ್ರಾ ವಾದ್ಯವೃಂದದೊಡನೆ ಹಾಡಿ ಮುಗಿಸಿದರು. ಜೊತೆಗಾರರ ದನಿಗಳು ಅನಂತರ ಬೇರೆಡೆಗಳಿಂದ, ಕೆಲವು ದೂರವಾಣಿ ತಂತಿಗಳ ಮೂಲಕವೇ, ಬಂದು ಸೇರಿದವು. ಸಂಪುಟ ಲಕ್ಷಾಂತರ ಪ್ರತಿ ಮಾರಾಟವಾಯಿತು. ಮರುವರ್ಷ ಎರಡನೆಯದೂ ಹೊರಬಂದಿತು. ಹಲವು ವಿಮರ್ಶಕರ ಆಕ್ಷೇಪವೆಂದರೆ, ಇದು ಸಂವಾದವಲ್ಲ, ಜೋಡಣೆ ಎಂಬುದು.

ಟೋನಿ ಬೆನೆಟ್ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದರು. ೨೦೦೬ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ಮೊದಲ ಯುಗಳ ಸಂಪುಟವನ್ನೂ ೨೦೧೧ರಲ್ಲಿ ಎರಡನೆಯದನ್ನೂ ತಂದ ಅವರು ಜೊತೆಗಾರರೊಡನೆ ಒಂದೇ ಕೋಣೆಯಲ್ಲಿ ನಿಂತು ಹಾಡುವುದನ್ನು ಇಷ್ಟಪಟ್ಟವರು. ಎರಡನೆಯ ಸಂಪುಟಕ್ಕಾಗಿ ೨೦೧೧ರ ಮಾರ್ಚಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಇಪ್ಪತ್ತೇಳು ವರ್ಷದ ಏಮಿ ವೈನ್‌ಹೌಸ್ ಅವರೊಡನೆ ಹಾಡಿದರು. ಅದೇ ಜುಲೈಯಲ್ಲಿ ಆಕೆ ತೀರಿಕೊಂಡರು. ಅದು ಆಕೆಯ ಕೊನೆಯ ಧ್ವನಿಮುದ್ರಣವೆಂದು ದಾಖಲಾಗಿದೆ. ಹಿರಿಯನ ಸ್ಮಾರಕವಾಗಬೇಕಾಗಿದ್ದುದು ಕಿರಿಯಳ ಸ್ಮಾರಕವೂ ಆಯಿತು. ಬೆನೆಟ್ ಅವರಿಗೆ ೨೦೧೬ರಲ್ಲಿ ಮರೆವಿನ ರೋಗವಿರುವುದು ಪತ್ತೆಯಾಯಿತು. ಆದರೂ ಲೇಡಿ ಗಾಗಾ ಅವರೊಡನೆ ಹಾಡಿದ ಅವರ ಕೊನೆಯ ಸಂಪುಟ ೨೦೨೧ರಲ್ಲಿ ಹೊರಬಂದಿತು. ೨೦೨೩ರಲ್ಲಿ ಅವರು ನಿಧನರಾದರು. ನೆನಪು ಕುಂದಿದವನಲ್ಲಿಯೂ ಹಾಡು ಉಳಿಯಿತೆಂಬುದು ಈ ವೃತ್ತಾಂತದ ಮುಖ್ಯಾಂಶ. ಕಂಠಪಾಠದ ಪರಂಪರೆಯಲ್ಲಿ ಬೆಳೆದ ನಮಗೆ ಇದು ಆಶ್ಚರ್ಯಕರವಲ್ಲ.

೫

ಹಿರಿಯನು ಕಿರಿಯನ ಜೊತೆ ಹಾಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಯಕ್ಷಗಾನದ ಹಿಮ್ಮೇಳ, ಸೋಬಾನೆಯಲ್ಲಿ ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಮತ್ತೊಬ್ಬಳು ಹಿಡಿಯುವ ಕ್ರಮ, ಗಮಕದಲ್ಲಿ ಒಬ್ಬರ ವಾಚನಕ್ಕೆ ಇನ್ನೊಬ್ಬರ ವ್ಯಾಖ್ಯಾನ, ಇವೆಲ್ಲ ಯುಗಳ ಪದ್ಧತಿಗಳೇ. ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಇಳಿವಯಸ್ಸಿನ ಕಛೇರಿಗಳಲ್ಲಿ ಮಗ ರಾಜಶೇಖರ ಮನ್ಸೂರರು ಸಹಗಾಯನಕ್ಕೆ ಕುಳಿತಿರುತ್ತಿದ್ದರು. ತಂದೆ ಬಿಟ್ಟ ಸ್ವರವನ್ನು ಮಗ ಹಿಡಿಯುವುದು, ಮಗ ಹಿಡಿದ ಸ್ವರದ ಮೇಲೆ ತಂದೆ ಮತ್ತೆ ಏರುವುದು: ಅದು ಬೆಂಬಲವೂ ಹೌದು, ಪಾಠವೂ ಹೌದು. ಗದಗಿನ ಮಣ್ಣಿನಿಂದ ಬಂದ ಪಂಡಿತ ಭೀಮಸೇನ ಜೋಶಿಯವರು ೧೯೮೫ರಲ್ಲಿ, ಅರುವತ್ತನ್ನು ದಾಟಿದಮೇಲೆ, ಲತಾ ಮಂಗೇಶ್ಕರರೊಡನೆ ಶ್ರೀನಿವಾಸ ಖಳೆಯವರ ಸಂಗೀತದಲ್ಲಿ ಭಜನೆಗಳ ಸಂಪುಟವೊಂದನ್ನು ಹಾಡಿದರು. ಬೇರೆ ಬೇರೆ ಶಿಸ್ತಿನ ಎರಡು ಪಕ್ವ ಕಂಠಗಳು ಅಲ್ಲಿ ಒಂದನ್ನೊಂದು ಅಳಿಸದೆ ನಿಂತಿವೆ.

ಸುಗಮ ಸಂಗೀತದ ಕ್ಷೇತ್ರದಲ್ಲಿ ಪಿ. ಕಾಳಿಂಗರಾಯರನ್ನು (೧೯೧೪–೧೯೮೧) ನೆನೆಯಬೇಕು. ನವೋದಯ ಕವಿಗಳ ಪದ್ಯಗಳನ್ನು ಸಭೆಗಳಿಗೆ ಕೊಂಡೊಯ್ದ ಅವರ ಗಾಯನವೆಂದರೆ ಮೋಹನಕುಮಾರಿ, ಸೋಹನಕುಮಾರಿಯರ ದನಿಗಳೂ ಕೂಡಿದ್ದೇ. ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಮೊದಲಾದವರು ಈ ಪರಂಪರೆಯನ್ನು ಬೆಳೆಸಿದರು. ೧೯೪೨ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಕವಿತೆಗಳು ವೇದಿಕೆಯಲ್ಲಿ, ಕ್ಯಾಸೆಟ್ಟುಗಳಲ್ಲಿ, ಕೊನೆಗೆ ಅಶ್ವಥ್ ಅವರ ಸಂಗೀತದೊಡನೆ ಚಲನಚಿತ್ರದಲ್ಲಿ ಬೇರೆ ಬೇರೆ ಕಂಠಗಳನ್ನು ಪಡೆದವು. ಭಾವಗೀತೆಯು ಮೊದಲು ಕವಿಯದು. ಆದ್ದರಿಂದ ಹಲವು ದನಿಗಳನ್ನು ತಾಳಿಕೊಳ್ಳುತ್ತದೆ. ಅಮೆರಿಕೆಯ ‘ಸ್ಟ್ಯಾಂಡರ್ಡ್’ಗೆ ಕನ್ನಡದಲ್ಲಿ ಸಮಾನವಾದುದನ್ನು ಕೇಳಿದರೆ ನಾವು ಚಿತ್ರಗೀತೆಗಿಂತ ಮೊದಲು ಭಾವಗೀತೆಯನ್ನು ತೋರಿಸುತ್ತೇವೆ.

ಆದರೆ ಭಾವಗೀತೆಯಲ್ಲಿಯೂ ‘ಯಾರದು?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಕುವೆಂಪು ಅವರ ಕವಿತೆ ೨೦೦೪ರಲ್ಲಿ ನಾಡಗೀತೆಯಾದಮೇಲೆ ಅದನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರದೋ ಎಂಬ ಪ್ರಶ್ನೆಗೆ ೨೦೨೨ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷಗಳ ಮಿತಿಯೊಡನೆ, ಒಪ್ಪಿ ಉತ್ತರ ಕೊಟ್ಟಿತು. ನಾಡಿನ ಹಾಡಿಗೆ ಒಂದು ನಿಶ್ಚಿತ ರೂಪ ಬೇಕೆಂಬುದು ಆಡಳಿತದ ದೃಷ್ಟಿಯಿಂದ ಸರಿ. ಆದರೂ ಒಂದು ಧಾಟಿ ಶಾಸನಬದ್ಧವಾದಾಗ ಇನ್ನೊಂದು ಧಾಟಿ ಕ್ರಮೇಣ ನೆನಪಿನಿಂದ ಸರಿಯುವ ಸಂಭವವನ್ನು ಸಂಶೋಧಕರು ಅಲಕ್ಷಿಸಲಾಗದು.

ಚಿತ್ರಗೀತೆಯ ಪುನರ್ಗಾಯನಕ್ಕೆ ಕಾಯಿದೆಯ ತೊಡಕೂ ಇದೆ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಕಂಪನಿಯದು; ಹಾಡಿದವನದಲ್ಲ. ಹಾಡಿದವನಿಗೆ ಪ್ರದರ್ಶಕನ ಹಕ್ಕೆಂಬುದು ನಮ್ಮ ಕಾಯಿದೆಯಲ್ಲಿ ಸೇರಿದ್ದೇ ೧೯೯೪ರ ತಿದ್ದುಪಡಿಯಿಂದ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ಮೂಲ ಮುದ್ರಣವಾಗಿ ಎರಡು ವರ್ಷಗಳ ನಂತರ, ಗೌರವಧನವನ್ನು ಸಲ್ಲಿಸಿ, ಬೇರೆ ಕಂಠದಲ್ಲಿ ಮರುಮುದ್ರಣಕ್ಕೆ ಅವಕಾಶ ಕೊಟ್ಟಿತ್ತು. ಎಂಬತ್ತರ ದಶಕದ ಅಗ್ಗದ ಕ್ಯಾಸೆಟ್ಟುಗಳ ಮಹಾಪೂರಕ್ಕೆ ಈ ವಿನಾಯಿತಿಯೇ ಒಂದು ಆಧಾರ. ಹೊದಿಕೆಯ ಮೇಲೆ ಹಳೆಯ ಚಿತ್ರದ ಹೆಸರು ದಪ್ಪಕ್ಷರದಲ್ಲಿ, ಹೊಸ ಗಾಯಕರ ಹೆಸರು ಸಣ್ಣಕ್ಷರದಲ್ಲಿ. ಮನೆಗೆ ತಂದು ಹಾಕಿದಾಗ ಕೇಳುಗನಿಗೆ ನಿರಾಶೆ. ಹಾಡು ಅದೇ, ವಾದ್ಯ ಅದೇ. ಅಂಕಿತ ಮಾತ್ರ ಬೇರೆ. ೨೦೧೨ರ ತಿದ್ದುಪಡಿಯು ಈ ಅವಧಿಯನ್ನು ಐದು ವರ್ಷಗಳಿಗೆ ಏರಿಸಿತು. ಮೂಲ ಗಾಯಕನ ಹೆಸರನ್ನಾಗಲಿ ಚಿತ್ರವನ್ನಾಗಲಿ ದಾರಿತಪ್ಪಿಸುವಂತೆ ಬಳಸಕೂಡದು, ಇದು ಮರುಗಾಯನವೆಂದು ಹೊದಿಕೆಯ ಮೇಲೆ ತಿಳಿಸಬೇಕು ಎಂದು ವಿಧಿಸಿತು. ಕಾಯಿದೆಯೂ ಕೊನೆಗೆ ದನಿಯನ್ನು ಅಂಕಿತವೆಂದು ಒಪ್ಪಿದಂತಾಯಿತು.

೬

ಇಷ್ಟನ್ನು ಗಮನಿಸಿದಮೇಲೆ ದಿಲ್‌ಸುಖ್‌ನಗರದ ಆ ಸಂಜೆಗೆ ಮರಳಬಹುದು.

ತೆಲುಗು ಲಿಪಿಯಲ್ಲಿ ಬರೆದ ಕನ್ನಡ ಹಾಡನ್ನು ಕಂಡು ನಾವು ಮೊದಲು ಬೇಸರಗೊಂಡೆವೆಂಬುದನ್ನು ಮುಚ್ಚಿಡಲಾರೆವು. ಕನ್ನಡ ಕಲಿಸುವ ವೃತ್ತಿಯವರಿಗೆ ಅದು ಸೋಲಿನ ಚಿಹ್ನೆಯಂತೆ ತೋರುವುದು ಸಹಜ. ಆದರೆ ವಿಚಾರ ಮಾಡಿದಾಗ ಈ ಬೇಸರಕ್ಕೆ ಆಧಾರ ಕಡಿಮೆಯೆನಿಸಿತು. ಕನ್ನಡ–ತೆಲುಗು ಲಿಪಿಗಳು ಬಹುಕಾಲ ಒಂದೇ ಆಗಿದ್ದವು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ‘ಬಸವಪುರಾಣ’ವನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದನು, ಕನ್ನಡ ನಾಡಿನ ಶರಣರ ಚರಿತೆ ತೆಲುಗಿನ ಕಂಠದಲ್ಲಿ ಹಾದು ಕನ್ನಡಕ್ಕೆ ಮರಳಿತು. ಘಂಟಸಾಲ, ಪಿ.ಬಿ. ಶ್ರೀನಿವಾಸ್, ಸುಶೀಲ, ಜಾನಕಿ, ೧೯೬೭ರ ‘ನಕ್ಕರೆ ಅದೇ ಸ್ವರ್ಗ’ದ ಯುಗಳ ಗೀತೆಯಿಂದ ಕನ್ನಡಕ್ಕೆ ಬಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಇವರೆಲ್ಲರೂ ತೆಲುಗು ಮನೆಗಳವರು. ಕನ್ನಡ ಸಾಹಿತ್ಯವನ್ನು ತೆಲುಗು ಅಕ್ಷರಗಳಲ್ಲಿ ಬರೆದುಕೊಂಡು ಹಾಡುವುದು ಅಂತಹ ಗಾಯಕರಲ್ಲಿ ರೂಢಿಯೇ ಆಗಿತ್ತು. ನಾವು ಶುದ್ಧ ಕನ್ನಡವೆಂದು ಪೂಜಿಸುವ ದನಿಗಳ ಹಿಂದೆ ನೆರೆಮನೆಯ ಗೃಹಿಣಿಯ ಟಿಪ್ಪಣಿ ಪುಸ್ತಕದಂತಹುದೇ ಒಂದು ಪುಸ್ತಕವಿತ್ತು.

ಇನ್ನು ಹಿರಿಯರ ಉದ್ದೇಶವೇನೆಂದು ನಾವು ಕೇಳಿದೆವು. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು, ಮಾತೂ ಅಷ್ಟಕ್ಕಷ್ಟೇ. ಪುಸ್ತಕಗಳನ್ನು ಬಿಟ್ಟುಹೋದರೆ ಯಾರೂ ತೆರೆಯುವುದಿಲ್ಲ. ಹಾಡಿನಲ್ಲಿ ತನ್ನ ದನಿಯ ಪಕ್ಕದಲ್ಲಿ ಅವರ ದನಿಯೂ ಇದ್ದರೆ, ತಮ್ಮ ದನಿಯನ್ನು ಕೇಳಲಿಕ್ಕಾದರೂ ಅದನ್ನು ಹಾಕುತ್ತಾರೆ ಎಂದರು. ಮೂಲ ಗಾಯಕರಿಗಿಂತ ಚೆನ್ನಾಗಿ ಹಾಡುವ ಭ್ರಮೆ ಅವರಿಗಿರಲಿಲ್ಲ. ಮೇಲಿನ ಸ್ವರ ತಪ್ಪುವುದು ಅವರಿಗೇ ಎಲ್ಲರಿಗಿಂತ ಮೊದಲು ಕೇಳಿಸುತ್ತಿತ್ತು.

ಹಿರಿಯ ಗಾಯಕನ ಯುಗಳಗಾಯನವನ್ನು ಮೂಲದೊಡನೆ ಹೋಲಿಸಿ ಅಳೆಯುವುದು, ನಮ್ಮ ಅಭಿಪ್ರಾಯದಲ್ಲಿ, ಅದರ ಸ್ವರೂಪವನ್ನು ತಪ್ಪಾಗಿ ಗ್ರಹಿಸಿದಂತೆ. ಧ್ವನಿಮುದ್ರಣವು ಅಂಕಿತವನ್ನು ಪದದಿಂದ ಕಿತ್ತು ಕಂಠಕ್ಕೆ ಕಟ್ಟಿತು. ಕಂಠಕ್ಕೆ ಆಯುಸ್ಸು ಉಂಟು. ಪದಕ್ಕೆ ಅದಕ್ಕಿಂತ ಹೆಚ್ಚು. ತನ್ನ ಕಂಠ ಕುಸಿಯುವ ಮುನ್ನ ಮತ್ತೊಂದು ಕಂಠವನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಗಾಯಕನು ಅಂಕಿತವನ್ನು ಬಿಚ್ಚಿ ಪದಕ್ಕೆ ಹಿಂದಿರುಗಿಸುವ ಕಾರ್ಯವನ್ನು, ತಿಳಿದೋ ತಿಳಿಯದೆಯೋ, ಮಾಡುತ್ತಾನೆ. ಅದು ಒಂದೇ ಕೋಣೆಯಲ್ಲಿ ನಡೆದರೆ ಹಸ್ತಾಂತರ. ತಂತಿಯ ಮೂಲಕ ನಡೆದರೆ ಬಹುಮಟ್ಟಿಗೆ ವ್ಯಾಪಾರ. ಈ ಭೇದವನ್ನು ನಾವು ಗಟ್ಟಿಯಾಗಿ ಹೇಳಬಯಸುತ್ತೇವೆ. ಆದರೆ ದೂರದ ಊರುಗಳಲ್ಲಿ ಚದುರಿದ ಕುಟುಂಬಗಳಿಗೆ ಕೆಲವೊಮ್ಮೆ ತಂತಿಯೊಂದೇ ಗತಿಯೆಂಬುದನ್ನೂ ಒಪ್ಪಬೇಕು.

ಹೊರನಾಡಿನ ಕನ್ನಡ ಮನೆಗಳಲ್ಲಿ ನಡೆಯುವ ಇಂತಹ ಮುದ್ರಣಗಳನ್ನು ಕನ್ನಡ ಅಧ್ಯಯನ ಪೀಠಗಳು ಸಂಗ್ರಹಿಸಬೇಕೆಂದು ನಾವು ಸೂಚಿಸುತ್ತೇವೆ. ತಾಳೆಗರಿಯನ್ನು ಹುಡುಕಿಕೊಂಡು ಹೋಗುವ ನಾವು ಪಕ್ಕದ ಕೋಣೆಯಲ್ಲಿ ಸಿದ್ಧವಾಗುತ್ತಿರುವ ಆಕರವನ್ನು ಕಾಣದೆ ಬರುವ ಅಪಾಯವಿದೆ. ಅಂದು ನಾವು ಅರಸಿ ಹೋದ ಹಸ್ತಪ್ರತಿ ಹುಳು ತಿಂದು ಓದಲಾರದ ಸ್ಥಿತಿಯಲ್ಲಿತ್ತು. ಹಾಡು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಲಿನ ಸಾಲಿನಲ್ಲಿ ತೆಲುಗಿನ ಛಾಯೆಯ ಒಂದು ದನಿ, ಕೆಳಗಿನ ಸಾಲಿನಲ್ಲಿ ರಾಯಚೂರಿನ ಒಂದು ದನಿ.